ನಿಧಾನವಾಗಿ ಹಾರುವ ವಿದ್ಯೆ

ವಿಮಾನದ ಮಾತು ಬಂದರೆ ಮಕ್ಕಳು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: "ಅದು ಎಷ್ಟು ವೇಗವಾಗಿ ಹಾರುತ್ತದೆ?" ನಾನು ತಿರುಗಿ ಕೇಳುತ್ತೇನೆ: "ಎಷ್ಟು ನಿಧಾನವಾಗಿ ಹಾರಬಲ್ಲದು?" ಆಗ ಅವರಿಗೆ ನಗು ಬರುತ್ತದೆ. ಆದರೆ ಇಬ್ಬರು ಕೂರುವಂಥ ಪುಟ್ಟ ವಿಮಾನಗಳ ಬಗ್ಗೆ ಓದುತ್ತಾ ಹೋದ ಹಾಗೆ, ಅವುಗಳನ್ನು ತಯಾರಿಸುವವರಿಗೆ ನಿದ್ದೆಗೆಡಿಸುವ ಪ್ರಶ್ನೆ ಎರಡನೆಯದೇ ಎಂದು ನನಗೆ ಮನದಟ್ಟಾಗಿದೆ.

ಶಾಲಾ ಕ್ರೀಡಾಕೂಟದಲ್ಲಿ ನಿಧಾನ ಸೈಕಲ್ ಸ್ಪರ್ಧೆ ನೋಡಿದ್ದೀರಲ್ಲವೇ? ಕೊನೆಗೆ ಬಂದವರಿಗೇ ಬಹುಮಾನ. ಕಾಲು ನೆಲಕ್ಕೆ ತಾಗಿದರೆ ಔಟ್. ವೇಗ ತಗ್ಗಿದಂತೆ ಸೈಕಲ್ ವಾಲತೊಡಗುತ್ತದೆ. ವಿಮಾನಕ್ಕೂ ವೇಗ ತಗ್ಗಿದರೆ ಕಷ್ಟವೇ. ಆದರೆ ಅದರ ಕಾರಣ ಬೇರೆ.

ವಿಮಾನವನ್ನು ಎತ್ತಿಹಿಡಿಯುವುದು ಎಂಜಿನ್ ಅಲ್ಲ, ರೆಕ್ಕೆ. ರೆಕ್ಕೆಯ ಸುತ್ತ ಗಾಳಿ ಹರಿಯುವಾಗ ಮೇಲಕ್ಕೆತ್ತುವ ಬಲ ಹುಟ್ಟುತ್ತದೆ. ವೇಗ ಅರ್ಧಕ್ಕೆ ಇಳಿದರೆ ಈ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಪೈಲಟ್ ವಿಮಾನದ ಮೂಗನ್ನು ಸ್ವಲ್ಪ ಮೇಲಕ್ಕೆತ್ತುತ್ತಾನೆ. ರೆಕ್ಕೆ ಗಾಳಿಗೆ ಹೆಚ್ಚು ಓರೆಯಾಗುತ್ತದೆ, ಬಲ ಹೆಚ್ಚುತ್ತದೆ. ಆದರೆ ಓರೆ ಸುಮಾರು 15 ಡಿಗ್ರಿ ದಾಟಿದರೆ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯಲಾರದೆ ಕಿತ್ತುಕೊಂಡು ಸುಳಿಗಟ್ಟುತ್ತದೆ. ಎತ್ತುವ ಬಲ ಥಟ್ಟನೆ ಕುಸಿಯುತ್ತದೆ. ಇದಕ್ಕೆ 'ಸ್ಟಾಲ್' ಎಂದು ಹೆಸರು. ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ಸ್ಟಾಲ್ ಆಗಬಹುದು. ಒಂದು ರೆಕ್ಕೆ ಇನ್ನೊಂದಕ್ಕಿಂತ ಮೊದಲು ಸ್ಟಾಲ್ ಆದರೆ ವಿಮಾನ ಬುಗುರಿಯಂತೆ ಗಿರಕಿ ಹೊಡೆಯುತ್ತಾ ಕೆಳಗಿಳಿಯುತ್ತದೆ.

2004ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು 'ಲೈಟ್ ಸ್ಪೋರ್ಟ್' ಎಂಬ ಹೊಸ ವರ್ಗದ ವಿಮಾನಗಳಿಗೆ ನಿಯಮ ರೂಪಿಸಿತು. ಇವು ಹಾರಾಟ ಕಲಿಯುವವರಿಗೆ, ಹವ್ಯಾಸಿಗಳಿಗೆ ಎಂದು ಇದ್ದವು. ಹೆಚ್ಚೆಂದರೆ ಎರಡು ಆಸನ, ಒಂದು ಎಂಜಿನ್. ನೆಲದಿಂದ ಏಳುವ ವಿಮಾನದ ತೂಕ ಜನ, ಇಂಧನ ಎಲ್ಲ ಸೇರಿ 600 ಕೆ.ಜಿ. ಮೀರಬಾರದು. ಗರಿಷ್ಠ ವೇಗ ಗಂಟೆಗೆ ಸುಮಾರು 222 ಕಿ.ಮೀ. ಇದರ ಜೊತೆಗೆ ನನಗೆ ಬಹಳ ಹಿಡಿಸಿದ ಒಂದು ಷರತ್ತು: ವೇಗ ಗಂಟೆಗೆ ಸುಮಾರು 83 ಕಿ.ಮೀ.ಗೆ ಇಳಿದರೂ ಸ್ಟಾಲ್ ಆಗಬಾರದು. ಅದೇಕೆ? ಎಂಜಿನ್ ಕೆಟ್ಟರೆ ಯಾವುದಾದರೂ ಬಯಲಿನಲ್ಲಿ ಇಳಿಯಬೇಕು. ಇಳಿಯುವ ವೇಗ ಅರ್ಧವಾದರೆ ವಿಮಾನದ ಚಲನಶಕ್ತಿ ಕಾಲುಭಾಗವಾಗುತ್ತದೆ. ಆಗ ಒಳಗಿದ್ದವರು ಬದುಕುಳಿಯುವ ಸಾಧ್ಯತೆ ಹೆಚ್ಚು.

ಈ ನಿಯಮ ಬಂದ ಮೇಲೆ ಹಳೆಯ ಹೆಸರಾಂತ ಕಂಪನಿಯಾದ ಸೆಸ್ನಾ ಕೂಡ ಕಣಕ್ಕಿಳಿಯಿತು. ಅದರ 'ಸ್ಕೈಕ್ಯಾಚರ್' ವಿಮಾನವನ್ನು ಪರೀಕ್ಷಾ ಪೈಲಟ್‌ಗಳು ಎತ್ತರದಲ್ಲಿ ಬೇಕೆಂದೇ ಸ್ಟಾಲ್ ಮಾಡಿ ನೋಡುತ್ತಿದ್ದರು. 2008ರ ಸೆಪ್ಟೆಂಬರ್‌ನಲ್ಲಿ ಒಂದು ವಿಮಾನ ಗಿರಕಿಗೆ ಸಿಕ್ಕಿ ಹೊರಬರಲೇ ಇಲ್ಲ. ಪೈಲಟ್ ಪ್ಯಾರಾಚೂಟ್ ಕಟ್ಟಿಕೊಂಡು ಹೊರಕ್ಕೆ ಹಾರಿದ. 2009ರ ಮಾರ್ಚ್‌ನಲ್ಲಿ ಇನ್ನೊಂದು ವಿಮಾನಕ್ಕೂ ಹಾಗೆಯೇ ಆಯಿತು. ಆಗ ಇಡೀ ವಿಮಾನವನ್ನೇ ತೂಗಿ ಇಳಿಸುವ ದೊಡ್ಡ ಪ್ಯಾರಾಚೂಟ್ ಬಿಚ್ಚಬೇಕಾಯಿತು. ಅದೃಷ್ಟಕ್ಕೆ ಇಬ್ಬರೂ ಪೈಲಟ್‌ಗಳು ಬದುಕಿದರು. ಎಂಜಿನಿಯರುಗಳು ವಿನ್ಯಾಸವನ್ನು ತಿದ್ದಿ ಮತ್ತೆ ಪರೀಕ್ಷೆಗೆ ಒಡ್ಡಿದರು. 2009ರ ಕೊನೆಯಲ್ಲಿ ವಿಮಾನ ಮಾರಾಟಕ್ಕೆ ಬಂತು. ಆದರೆ ಅದರ ಒಡಲೇ ಭಾರ, ಹೊರುವ ಶಕ್ತಿ ಕಡಿಮೆ. ಜೊತೆಗೆ ಬೆಲೆಯೂ ಏರಿತು. 2013ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಗಿರಕಿಯ ಸಮಸ್ಯೆ ಬಗೆಹರಿದರೂ ತೂಕದ ಸಮಸ್ಯೆ ಉಳಿದೇಬಿಟ್ಟಿತು.

ಕ್ಯಾಲಿಫೋರ್ನಿಯಾದ ಐಕಾನ್ ಎಂಬ ಕಂಪನಿ ಬೇರೆ ದಾರಿ ಹಿಡಿಯಿತು. ಅದರ 'ಎ5' ನೀರಿನ ಮೇಲೂ ಇಳಿಯಬಲ್ಲದು, ರೆಕ್ಕೆ ಮಡಚಿಕೊಳ್ಳಬಲ್ಲದು. ನನಗೆ ಇಷ್ಟವಾದದ್ದು ರೆಕ್ಕೆಯ ಆಕಾರ. ಒಡಲಿನ ಹತ್ತಿರದ ಭಾಗ ಮೊದಲು ಸ್ಟಾಲ್ ಆಗುತ್ತದೆ, ತುದಿಯ ಭಾಗ ಆಗಲೂ ಹಾರುತ್ತಲೇ ಇರುತ್ತದೆ. ಹಾಗಾಗಿ ಪೈಲಟ್‌ನ ಹಿಡಿತ ತಪ್ಪುವುದಿಲ್ಲ, ವಿಮಾನ ಸುಲಭವಾಗಿ ಗಿರಕಿಗೆ ಬೀಳುವುದಿಲ್ಲ. ಈ ಏರ್ಪಾಡಿನಿಂದ ತೂಕ ಮಿತಿ ಮೀರಿದಾಗ, ಸುರಕ್ಷತೆಯ ದೃಷ್ಟಿಯಿಂದ 2013ರಲ್ಲಿ ಅದಕ್ಕೆ ವಿಶೇಷ ವಿನಾಯಿತಿ ಸಿಕ್ಕಿತು. ಆದರೂ ವ್ಯಾಪಾರ ಕೈಹಿಡಿಯಲಿಲ್ಲ. 2024ರಲ್ಲಿ ಕಂಪನಿ ದಿವಾಳಿಯೆಂದು ನ್ಯಾಯಾಲಯದ ಮೊರೆಹೋಗಿ ಹೊಸ ಒಡೆಯರ ಕೈ ಸೇರಿತು.

ಯುರೋಪಿನ ಪುಟ್ಟ ದೇಶ ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ ಕಥೆ ಬೇರೆ. ಲ್ಯಾಟಿನ್‌ನಲ್ಲಿ ಬಾವಲಿಗೆ ಇರುವ ಒಂದು ಹೆಸರೇ ಈ ಕಂಪನಿಯ ಹೆಸರಾಗಿದೆ! ಹಗುರವಾದ ಒಡಲು, ನೀಳ ರೆಕ್ಕೆ ಅದರ ವಿಮಾನಗಳ ಗುಟ್ಟು. 2015ರಲ್ಲಿ ಭಾರತವು ವಾಯುಪಡೆ, ನೌಕಾಪಡೆ ಮತ್ತು ಎನ್.ಸಿ.ಸಿ.ಗಾಗಿ ಅದರ 194 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. 2020ರಲ್ಲಿ ಅದರ ವಿದ್ಯುತ್ ಚಾಲಿತ ವಿಮಾನಕ್ಕೆ ಯುರೋಪಿನ ಪ್ರಮಾಣಪತ್ರ ದೊರೆಯಿತು. ವಿದ್ಯುತ್ ವಿಮಾನವೊಂದಕ್ಕೆ ಅಂಥ ಪ್ರಮಾಣಪತ್ರ ಸಿಕ್ಕಿದ್ದು ಅದೇ ಮೊದಲು. ಬ್ಯಾಟರಿಗಳ ಭಾರವನ್ನೂ ಸೇರಿಸಿ ಅದರ ತೂಕ 600 ಕೆ.ಜಿ. ಒಳಗೇ ಇದೆ.

ನಮ್ಮ ಬೆಂಗಳೂರಿನ ಎನ್.ಎ.ಎಲ್. ಕೂಡ ಎರಡು ಆಸನದ 'ಹಂಸ' ವಿಮಾನವನ್ನು ರೂಪಿಸಿದೆ. 600 ಕೆ.ಜಿ.ಗಿಂತ ಭಾರವಾದ್ದರಿಂದ ಅದು 2004ರ ನಿಯಮದಂತೆ ಅಮೆರಿಕದ ಆ ವರ್ಗಕ್ಕೆ ಸೇರುತ್ತಿರಲಿಲ್ಲ, ಆದರೂ ಹತ್ತಿರದ ಬಂಧುವೇ. ಅದರ ಹೊಸ ರೂಪವಾದ 'ಹಂಸ-ಎನ್‌ಜಿ' 2021ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿತು. 2022ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ, ಆಕಾಶದಲ್ಲೇ ಅದರ ಎಂಜಿನ್ ನಿಲ್ಲಿಸಿ, ವಿಮಾನ ತೇಲುತ್ತಿರುವಾಗಲೇ ಮತ್ತೆ ಚಾಲೂ ಮಾಡಿ ನೋಡಿದರು. ಎಂಜಿನ್ ನಿಂತರೂ ರೆಕ್ಕೆ ತನ್ನ ಕೆಲಸ ಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

2025ರ ಜುಲೈನಲ್ಲಿ ಅಮೆರಿಕ ತನ್ನ ಹಳೆಯ ನಿಯಮವನ್ನು ಬದಲಿಸಿ ಹೊಸದನ್ನು ಪ್ರಕಟಿಸಿತು. 600 ಕೆ.ಜಿ.ಯ ಮಿತಿಯನ್ನು ಅದರಲ್ಲಿ ತೆಗೆದುಹಾಕಲಾಗಿದೆ. ಆದರೆ ಸ್ಟಾಲ್ ಆಗುವ ವೇಗದ ಮಿತಿಯನ್ನು ಸಡಿಲಿಸಿದರೇ ಹೊರತು ಬಿಟ್ಟುಕೊಡಲಿಲ್ಲ. ಇಪ್ಪತ್ತು ವರ್ಷಗಳ ಅನುಭವದ ನಂತರ ಉಳಿದ ಅಳತೆಗೋಲು ಅದು. ತೂಕ ಎಷ್ಟೇ ಇರಲಿ, ನಿಧಾನವಾಗಿ ಇಳಿಯಲು ಬರಬೇಕು!

ಮಕ್ಕಳೇ, ನೀವೂ ಇದನ್ನು ಪರೀಕ್ಷಿಸಿ. ಕಾಗದದ ವಿಮಾನ ಮಾಡಿ, ರೆಕ್ಕೆಯ ಹಿಂದಿನ ಅಂಚನ್ನು ತುಸು ಮೇಲಕ್ಕೆ ಮಡಚಿ ಮೆಲ್ಲಗೆ ಎಸೆಯಿರಿ. ಮಡಿಕೆ ಹೆಚ್ಚಾದರೆ ಮೂಗು ಮೇಲೆದ್ದು, ವೇಗ ಕುಂದಿ, ವಿಮಾನ ಧೊಪ್ಪನೆ ಬೀಳುತ್ತದೆ. ಅದೇ ಸ್ಟಾಲ್. ಈಗ ಮೂಗಿಗೆ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ, ಮಡಿಕೆಯನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋಗಿ. ತರಗತಿಯ ಕೋಣೆಯನ್ನು ಬೀಳದೆ, ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ದಾಟುವ ವಿಮಾನ ಯಾರದೋ ಅವರೇ ಗೆದ್ದಂತೆ.