ಅವ್ವನ ಭಾನುವಾರದ ಲೆಕ್ಕ

ನಮ್ಮ ಚೋರನೂರಿನ ಮಾತಿನಲ್ಲಿ ‘ವಿಶ್ವಾಸ’ ಎಂದರೆ ಮೊದಲು ದೇವರ ವಿಷಯವಲ್ಲ. ‘ಅವ್ರು ನಮ್ ಕೂಡ ಬಾಳ ವಿಶ್ವಾಸದಿಂದ ಅದಾರ’ ಅಂದರೆ ಮನೆಗೆ ಬಂದು ಹೋಗುತ್ತಾರೆ, ಕಷ್ಟಕ್ಕೆ ಆಗುತ್ತಾರೆ, ಕೊಟ್ಟ ಕಾಳಿಗೆ ಚೀಟಿ ಬರೆಸಿಕೊಳ್ಳುವುದಿಲ್ಲ ಎಂದು ಅರ್ಥ. ಆದರೆ ಕಥೋಲಿಕರಾದ ನಮ್ಮ ಪ್ರಾರ್ಥನೆಗಳಲ್ಲಿ ವಿಶ್ವಾಸವೆಂಬುದು ದೊಡ್ಡ ಶಬ್ದ. ಪ್ರೊಟೆಸ್ಟೆಂಟರು ಅದನ್ನೇ ನಂಬಿಕೆ ಎನ್ನುತ್ತಾರೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ‘ಪಿಸ್ಟಿಸ್’ ಎಂಬ ಪದಕ್ಕೆ ಒಬ್ಬರ ಮೇಲೆ ಭಾರ ಹಾಕುವುದು, ಒಬ್ಬರಿಗೆ ನಿಷ್ಠೆಯಿಂದಿರುವುದು ಎರಡೂ ಅರ್ಥಗಳಿವೆ. ಅಷ್ಟೆಲ್ಲ ಗೊತ್ತಿದ್ದೂ ನಾವು ಚರ್ಚಿನ ವಿಶ್ವಾಸವನ್ನೂ ಮನೆಬಾಗಿಲಿನ ವಿಶ್ವಾಸವನ್ನೂ ಬೇರೆ ಬೇರೆ ಗಂಟುಗಳಲ್ಲಿ ಕಟ್ಟಿ ಇಟ್ಟಿರುತ್ತೇವೆ.

ಅವ್ವನಂತೂ ಹಾಗೆಯೇ ಇಟ್ಟಿದ್ದಳು. ಭಾನುವಾರದ ಬಲಿಪೂಜೆ ತಪ್ಪಿಸಿದವಳಲ್ಲ. ನಸುಕಿನಲ್ಲೇ ಎದ್ದು ಬಸ್ಸು ಹಿಡಿದು ಹೋಗುತ್ತಿದ್ದಳು. ಕಳೆದ ಕ್ರಿಸ್‌ಮಸ್ ಮುಗಿದು ಎರಡನೇ ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದವಳು ಮೊದಲು ಕೇಳಿದ್ದು ಪೆನ್ಸಿಲ್. ಮಂಚದ ಪಕ್ಕದ ಗೋಡೆಯ ಕ್ಯಾಲೆಂಡರಿನಲ್ಲಿ, ಹೋಗಲಾಗದ ಒಂದೊಂದು ಭಾನುವಾರಕ್ಕೂ ಒಂದೊಂದು ಗೀಟು. ಬೂದಿ ಬುಧವಾರ ಬರುವ ಹೊತ್ತಿಗೆ ಏಳು ಗೀಟು ಬಿದ್ದಿದ್ದವು.

ಆ ಬುಧವಾರ ಅವ್ವ ಉಪವಾಸ ಮಾಡಿಯೇ ತೀರುತ್ತೇನೆಂದಳು. ವಯಸ್ಸು ಎಪ್ಪತ್ತನಾಲ್ಕು. ಚರ್ಚಿನ ಕಾನೂನಿನ ಪ್ರಕಾರ ಉಪವಾಸದ ಕಟ್ಟು 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಕಾಯಿಲೆಯವರಿಗೆ ಭಾನುವಾರದ ಕಡ್ಡಾಯವೂ ಇಲ್ಲ. ಇದನ್ನೆಲ್ಲ ಓದಿ ಹೇಳಿದೆ. ಕಾನೂನು ಅವಳನ್ನು ಎಂದೋ ಬಿಟ್ಟಿತ್ತು, ಭಯ ಬಿಟ್ಟಿರಲಿಲ್ಲ. ಖಾಲಿ ಹೊಟ್ಟೆಗೆ ಗುಳಿಗೆ ನುಂಗಿ ಮಧ್ಯಾಹ್ನಕ್ಕೆ ತಲೆ ತಿರುಗಿ, ವಾಕರ್ ಕೈತಪ್ಪಿ, ಇನ್ನೇನು ಮತ್ತೆ ಬೀಳುವವಳು ಗೋಡೆ ಹಿಡಿದು ಉಳಿದುಕೊಂಡಳು.

ಸದ್ದು ಕೇಳಿ ಓಡಿ ಬಂದವರು ಪಕ್ಕದ ಮನೆಯ ಕಾಕಿ. ಅವರಿಗೆ ಯೇಸುಸ್ವಾಮಿ ಗೊತ್ತಿರುವುದು ನಮ್ಮ ಮನೆಯ ಫೋಟೊದಿಂದಷ್ಟೆ. ಅವ್ವನಿಗೆ ಗಂಜಿ ಕುಡಿಸುತ್ತಾ ಗೋಡೆಯ ಗೀಟುಗಳು ಏನೆಂದು ಕೇಳಿದರು. ಅವ್ವ ಹೇಳಿದಳು. ಕಾಕಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೇಬಿಟ್ಟರು.

“ಅಲ್ಲಕ್ಕಾ, ಮಗಳು ಹಬ್ಬಕ್ಕ ಬರ್ಲಿಲ್ಲಂತ ಅಪ್ಪ ಗ್ವಾಡಿಗೆ ಗೀಟು ಹಾಕ್ಕಂತ ಕುಂದ್ರತಾನೇನು? ಕಾಲು ಮುರುದೈತಂತ ಗೊತ್ತಾದ್ರ ತಾನ ಬುತ್ತಿ ಕಟ್ಟಿಕ್ಯಂಡು ಬರ್ತಾನ.”

ಅವ್ವ ಉತ್ತರ ಕೊಡಲಿಲ್ಲ. ಗಂಜಿ ಮಾತ್ರ ಪೂರ್ತಿ ಕುಡಿದಳು.

ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ದಾರಿ ತಪ್ಪಿದ ಮಗನ ಕಥೆ ಇದೆ. ಎಲ್ಲರೂ ಕಿರಿಯವನನ್ನು ನೆನಪಿಡುತ್ತಾರೆ. ನನಗೆ ಕಾಡುವವನು ಹಿರಿಯವನು. ಅಪ್ಪನ ಒಂದು ಮಾತನ್ನೂ ಮೀರದೆ ವರ್ಷಗಟ್ಟಲೆ ದುಡಿದವನು, ತಮ್ಮ ಮರಳಿದ ದಿನ ಹೊರಗೆ ನಿಂತು ತನಗೊಂದು ಮೇಕೆಮರಿಯನ್ನೂ ಕೊಡಲಿಲ್ಲವೆಂದು ಲೆಕ್ಕ ಒಪ್ಪಿಸುತ್ತಾನೆ. ಅಪ್ಪನ ಮನೆಯಲ್ಲೇ ಇದ್ದು ಆಳಿನ ಹಾಗೆ ಬದುಕಿದವನು ಅವನು. ಅವನನ್ನು ಒಳಗೆ ಕರೆಯಲೂ ಅಪ್ಪನೇ ಎದ್ದು ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ, ಕಥೆ ಹೇಳುವುದಿಲ್ಲ.

ಹಾಗೆಂದು ನಿಯಮಗಳೆಲ್ಲ ದಂಡ ಎನ್ನುವವರ ಜೊತೆ ನಾನಿಲ್ಲ. ಅರ್ಧರಾತ್ರಿ ನೋವು ಹೆಚ್ಚಾದಾಗ ಅವ್ವನ ಕೈಗೆ ಸಿಕ್ಕಿದ್ದು ದಿನವೂ ತಪ್ಪದೆ ಹೇಳಿ ಹೇಳಿ ಬಾಯಿಗೆ ಬಂದಿದ್ದ ಜಪಮಾಲೆಯೇ. ಆದರೆ ಅನುಕ್ರಮವೊಂದಿದೆ. ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ ದೇವರು ಹತ್ತು ಆಜ್ಞೆ ಕೊಡುವ ಮುಂಚೆ, ಈಜಿಪ್ಟಿನ ಗುಲಾಮಗಿರಿಯಿಂದ ನಿಮ್ಮನ್ನು ಕರೆತಂದವನು ನಾನು ಎಂದು ನೆನಪಿಸುತ್ತಾನೆ. ಬಿಡುಗಡೆ ಮೊದಲು, ಕಟ್ಟಳೆ ಆಮೇಲೆ. ಆಜ್ಞೆ ಪಾಲಿಸಿದ್ದಕ್ಕೆ ಸಿಕ್ಕ ಕೂಲಿಯಲ್ಲ ಆ ಬಿಡುಗಡೆ. ಸಣ್ಣವನಿದ್ದಾಗ ಹತ್ತೂ ಆಜ್ಞೆ ಬಾಯಿಪಾಠ ಮಾಡಿದ್ದೆ. ಅದಕ್ಕೂ ಮುಂಚಿನ ಆ ಮಾತನ್ನು ಯಾರೂ ಒಪ್ಪಿಸಲು ಕೇಳಿರಲಿಲ್ಲ.

ಹದಿನೈದು ದಿನಕ್ಕೆ ಫಾದರ್ ಮನೆಗೇ ಪರಮಪ್ರಸಾದ ತಂದರು. ಹಾಸಿಗೆ ಹಿಡಿದವರಿಗೆ ಹೀಗೆ ತಂದುಕೊಡುವುದು ಚರ್ಚಿನ ಹಳೆಯ ಪದ್ಧತಿ. ಅವ್ವ ತಲೆಗೆ ಸೆರಗು ಹೊದ್ದು ಮಂಚದ ಮೇಲೆ ಕುಳಿತಿದ್ದಳು. ಫೋನಿನಲ್ಲಿ ಒಪ್ಪಿಸಲೆಂದು ಗೀಟುಗಳ ಲೆಕ್ಕ ಮಾಡಿಟ್ಟುಕೊಂಡಿದ್ದಳಂತೆ. ಎದುರಿಗೆ ಬಂದಾಗ ಅದರ ಮಾತೇ ಬರಲಿಲ್ಲ. ಪ್ರಾರ್ಥನೆ ಮುಗಿಯುವ ತನಕ ಹೊಸ್ತಿಲ ಆಚೆ ಕೈಮುಗಿದು ಕೂತಿದ್ದ ಕಾಕಿ, ಫಾದರ್ ಚಪ್ಪಲಿ ಮೆಟ್ಟುವುದನ್ನೇ ಕಾದು ಒಳಗೆ ಬಂದರು.

“ಏನಕ್ಕಾ, ಬುತ್ತಿ ಬಂತೇನು?”

“ಬಂತವ್ವಾ,” ಅಂದಳು ಅವ್ವ. “ನಿನಗ ಚಾ ಐತಿ, ಕುಂದ್ರು.”