ರೋಸ್‌ನ ದಿನ ಮೊದಲ ಕೈ ಯಾರದ್ದು?

ಬೂದಿ ಬುಧವಾರ ಕಳೀತು ಅಂದ್ರೆ ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ಶುದ್ಧದ ಮಾತು ಶುರು. ಶುಕ್ರವಾರ ಮಾಂಸ ಇಲ್ಲ, ಕೆಲವು ಮನೆಯಲ್ಲಿ 40 ದಿನವೂ ಇಲ್ಲ. ಗಂಡಸರು ಬಾಟ್ಲಿ ಮುಚ್ಚಿಡ್ತಾರೆ, ಎಷ್ಟು ದಿನಕ್ಕೋ ಅದು ಬೇರೆ ವಿಷಯ. ಸಂಜೆಯ ತೇರ್ಸ್‌ಗೆ ಮಕ್ಕಳನ್ನೂ ಎಳೆದು ಕೂರಿಸ್ತೇವೆ. ಈಸ್ಟರ್‌ಗೆ ಮುಂಚೆ ಕುಮ್ಸಾರಿಗೆ, ಅಂದ್ರೆ ಪಾಪನಿವೇದನೆಗೆ, ಇಗರ್ಜಿಯಲ್ಲಿ ಉದ್ದ ಲೈನು. ಇದೆಲ್ಲ ಬೇಕು. ನಾನೂ ಮಾಡ್ತೇನೆ, ಮಾಡಿದ್ರೆ ಮನಸ್ಸು ಹಗುರ ಆಗ್ತದೆ.

ಆದ್ರೆ ಈ ಸಲ ನಮ್ಮ ಮನೆಯಲ್ಲಿ ಶುದ್ಧದ ಪ್ರಶ್ನೆ ಬಂದದ್ದು ಬೇರೆ ಕಡೆಯಿಂದ. ಈಸ್ಟರ್ ಕಳೆದ ಮೇಲೆ ನನ್ನ ತಮ್ಮನ ಮಗಳ ಮದುವೆ. ಮದುವೆಯ ಮೊದಲು ರೋಸ್.

ಓದುವ ನೆರೆಕರೆಯ ಅಕ್ಕಂದಿರಿಗೆ ಸ್ವಲ್ಪ ಬಿಡಿಸಿ ಹೇಳ್ತೇನೆ. ರೋಸ್ ಅಂದ್ರೆ ತೆಂಗಿನಕಾಯಿ ಹಾಲು. ಮದುಮಗಳನ್ನು ಕೂರಿಸಿ, ಮನೆಯವರು ನೆಂಟರು ಒಬ್ಬೊಬ್ಬರಾಗಿ ಎಣ್ಣೆ, ಕಾಯಿಹಾಲು ಹಚ್ಚಿ, ಮತ್ತೆ ಸ್ನಾನ ಮಾಡಿಸುದು. ಕನ್ನೆತನದ ದಿನ ಮುಗೀತು, ತೊಳೆದು ಚೊಕ್ಕ ಮಾಡಿ ಹೊಸ ಬದುಕಿಗೆ ಕಳಿಸ್ತೇವೆ ಅಂತ ಅರ್ಥ. ಆಗ ಹೆಂಗಸರು ವೊವಿಯೊ ಹಾಡ್ತಾರೆ. ನಿಮ್ಮಲ್ಲಿ ಮದುವೆಗೆ ಅರಸಿನ ಎಣ್ಣೆ ಉಂಟಲ್ಲ, ಹಾಗೇ.

ಈಗ ರೋಸ್ ಹಾಳಾಯ್ತು ಅಂತ ಎಲ್ಲರೂ ಹೇಳ್ತಾರೆ. ಕಾಯಿಹಾಲಿನ ಮೇಲೆ ಮೊಟ್ಟೆ, ಟೊಮೆಟೊ, ಬಿಯರ್ ಸುರಿಯುದು, ಡಿಜೆ ಹಾಕಿ ರಾತ್ರಿ ಎಲ್ಲ ಕುಣಿಯುದು. ಸರಿ, ಅದು ನಿಲ್ಲಬೇಕು. ಆದ್ರೆ ಮಾರಾಯ್ತಿ, ಮೊಟ್ಟೆ ತೊಳೆದ್ರೆ ಹೋಗ್ತದೆ. ತೊಳೆದ್ರೂ ಹೋಗದ್ದು ಒಂದು ಉಂಟು. ಅದರ ಬಗ್ಗೆ ಯಾರೂ ಬಾಯಿ ಬಿಡುದಿಲ್ಲ.

ವೊವಿಯೊ ಎತ್ತುವವಳು ಗಂಡ ಇರುವ ಹೆಂಗಸೇ ಆಗ್ಬೇಕು ಅಂತ ಹಿಂದಿನಿಂದ ಬಂದ ಕ್ರಮ. ಕ್ರಮ ಅಲ್ಲಿಗೇ ನಿಲ್ಲುದಿಲ್ಲ. ಗಂಡ ತೀರಿದವಳು ತಾನಾಗಿಯೇ ಹಿಂದೆ ಸರೀತಾಳೆ, ಅಡಿಗೆ ಕೋಣೆ ಸೇರ್ತಾಳೆ. ಯಾರೂ ಹೋಗು ಅಂತ ಹೇಳುದಿಲ್ಲ, ಇರು ಅಂತಲೂ ಹೇಳುದಿಲ್ಲ.

ನನ್ನ ತಮ್ಮ ತೀರಿ ನಾಲ್ಕು ವರ್ಷ ಆಯ್ತು. ಮದುಮಗಳ ಅಮ್ಮನೇ ವಿಧವೆ. ಅವಳು ಮೊನ್ನೆ ಫೋನಿನಲ್ಲಿ ಹೇಳಿದ್ದು ಇಷ್ಟು: “ಅಕ್ಕ, ಮೊದಲ ರೋಸ್ ನೀವೇ ಹಾಕಿ. ನಾನು ಒಳಗೆ ಇರ್ತೇನೆ, ಊಟದ್ದು ನೋಡ್ಲಿಕ್ಕೆ ಜನ ಬೇಕಲ್ಲ.” ಊಟಕ್ಕೆ ಕೇಟರಿಂಗಿನವರು ಬರ್ತಾರೆ ಅಂತ ಅವಳಿಗೂ ಗೊತ್ತುಂಟು.

ಬೆಳ್ತಂಗಡಿಯ ಮಾವ್ಶಿ, ಅವಳೇ ಹೇಳಿದ ಮೇಲೆ ನೀನ್ಯಾಕೆ ಎಳೀತಿ, ಮಗುವಿನ ಬದುಕಿನ ವಿಷಯ ಅಂದ್ರು. ಮೂಡುಬಿದಿರೆಯವರು, ಹಿರಿಯರ ಕ್ರಮ, ನಾವು ಮುರಿಯುದು ಬೇಡ ಅಂದ್ರು. ಇಬ್ಬರೂ ಒಳ್ಳೆಯ ಮನಸ್ಸಿನವರು. ಅದಕ್ಕೇ ಉತ್ತರ ಬರೆದು ಹೇಳುವ ಅಂತ ಕೂತದ್ದು.

ಪ್ರತಿ ವರ್ಷ ಫೆಬ್ರವರಿ 2ಕ್ಕೆ ನಾವು ಮೇಣದ ಬತ್ತಿ ಆಶೀರ್ವಾದ ಮಾಡಿಸಿಕೊಂಡು ಬರ್ತೇವಲ್ಲ, ಆ ಹಬ್ಬ ಯಾವುದರದ್ದು? ಹೆರಿಗೆಯಾಗಿ 40 ದಿನ ಕಳೆದ ಮೇಲೆ ಮರಿಯಮ್ಮ ಶುದ್ಧಿಗಾಗಿ ಮಗುವನ್ನು ಎತ್ತಿಕೊಂಡು ದೇವಾಲಯಕ್ಕೆ ಹೋದದ್ದು. ಬಡವರು, ಹಕ್ಕಿ ಜೋಡಿಯ ಕಾಣಿಕೆ. ಆ ಶುದ್ಧಿಯ ದಿನ ಅಲ್ಲಿ ಎದುರು ಬಂದವಳು ಯಾರು? ಅನ್ನಾ ಅಂತ ಒಬ್ಬಳು ಅಜ್ಜಿ. ಏಳು ವರ್ಷ ಸಂಸಾರ ಮಾಡಿ ಗಂಡನನ್ನು ಕಳಕೊಂಡು, ಮತ್ತೆ ಜೀವಮಾನ ಎಲ್ಲ ವಿಧವೆಯಾಗಿಯೇ ಇದ್ದವಳು. ಲೂಕನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಉಂಟು, ತೆಗೆದು ನೋಡಿ. ಮಗುವನ್ನು ಕಂಡು ದೇವರಿಗೆ ಸ್ತೋತ್ರ ಹೇಳಿ, ಎಲ್ಲರಿಗೂ ಸುದ್ದಿ ಹೇಳಿದ್ದು ಅವಳು. ಮರಿಯಮ್ಮ ಮಗುವನ್ನು ಸೆರಗಿನೊಳಗೆ ಮುಚ್ಚಿ, ಅಜ್ಜಿ ನೀನು ಆಚೆ ನಿಲ್ಲು ಅಂದ್ಲಾ?

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಕತೆಯೂ ನಮಗೆ ಗೊತ್ತುಂಟು. ಆಗಿನ ಕಟ್ಟಳೆ ಪ್ರಕಾರ ಅವಳು ಮುಟ್ಟಿದ್ದೆಲ್ಲ ಮೈಲಿಗೆ. ಅವಳು ಯೇಸುವಿನ ಬಟ್ಟೆ ಮುಟ್ಟಿದ್ಲು. ಆತ ಕೊಡವಿಕೊಳ್ಳಲಿಲ್ಲ, ಮಗಳೇ ಅಂತ ಕರೆದ. ಮನುಷ್ಯನನ್ನು ಹೊಲಸು ಮಾಡುದು ಹೊರಗಿಂದ ಒಳಗೆ ಹೋಗುವಂಥದ್ದಲ್ಲ, ಮನಸ್ಸಿನೊಳಗಿಂದ ಹೊರಗೆ ಬರುವಂಥದ್ದು ಅಂತ ಕಲಿಸಿದ್ದೂ ಆತನೇ. 40 ದಿನ ಬಾಯಿಗೆ ಮಾಂಸ ಹೋಗದ ಹಾಗೆ ನೋಡಿಕೊಂಡು, ಅದೇ ಬಾಯಿಂದ ಒಂದು ತಾಯಿಗೆ ನೋವಾಗುವ ಮಾತು ಬಂದ್ರೆ ಉಪವಾಸದ ಲೆಕ್ಕ ಎಂತ ಆಗ್ತದೆ?

ಇನ್ನು ಹಿರಿಯರ ಕ್ರಮ. 1784ರ ಬೂದಿ ಬುಧವಾರದ ಹೊತ್ತಿಗೆ ಟಿಪ್ಪುವಿನ ಕಡೆಯವರು ಕೆನರಾದ ನಮ್ಮವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು ಚರಿತ್ರೆ. ದಾರಿಯಲ್ಲೇ ಸತ್ತವರು ಎಷ್ಟೋ, ಸೆರೆಯಲ್ಲಿ ಸತ್ತವರು ಎಷ್ಟೋ. ಉಳಿದವರು ವಾಪಸ್ ಬಂದದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಅಷ್ಟು ಸಾವು ಕಂಡ ಮನೆಗಳಲ್ಲಿ, ಗಂಡ ಇರುವ ಹೆಂಗಸೇ ಬೇಕು ಅಂತ ಹುಡುಕಿಕೊಂಡು ಕೂತಿದ್ರೆ ಎಷ್ಟು ಮದುವೆ ಆಗ್ತಿತ್ತು? ಆಗ ಊರಿನ ಇಗರ್ಜಿಗಳನ್ನೆಲ್ಲ ಕೆಡವಿದ್ರೂ ಮೂಡುಬಿದಿರೆ ಹತ್ತಿರದ ಹೊಸ್ಪೆಟ್ ಇಗರ್ಜಿ ಉಳಿಯಿತು. ಉಳಿಸಿದ್ದು ಯಾರು? ಮೂಡುಬಿದಿರೆಯ ಚೌಟ ಅರಸರು, ಜೈನರು. ನಮ್ಮ ಪವಿತ್ರ ಜಾಗವನ್ನು ಕಾದದ್ದು ನೆರೆಕರೆಯವರ ಒಳ್ಳೆತನ. ಹಿರಿಯರಿಂದ ಕಲಿಯುದಾದ್ರೆ ಇದನ್ನೂ ಕಲಿಯುವ.

ಕ್ರಮ ಬದಲಾಗುದೇ ಇಲ್ಲ ಅಂತಲೂ ಇಲ್ಲ. ಪವಿತ್ರ ಗುರುವಾರ ಪಾದ ತೊಳೆಯುವ ವಿಧಿಗೆ ನಿಯಮದ ಪ್ರಕಾರ ಗಂಡಸರೇ ಕೂರಬೇಕಿತ್ತು. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಹೆಂಗಸರೂ ಕೂರಬಹುದು ಅಂತ ಮಾಡಿದ್ರು. ಅಷ್ಟು ದೊಡ್ಡ ಸಭೆಯ ವಿಧಿ ಬದಲಾಗ್ತದಂತೆ, ನಮ್ಮ ಅಂಗಳದ್ದು ಆಗುದಿಲ್ಲವಾ?

ಮತ್ತೊಂದು ಸಲ ನಾನು ತಮ್ಮನ ಹೆಂಡತಿ ಹತ್ತಿರ ಕೂತು ಕೇಳಿದೆ, ನಿನಗೆ ನಿಜವಾಗಿ ಎಂತ ಮನಸ್ಸು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಆಸೆ ಉಂಟು ಅಕ್ಕ. ಆದ್ರೆ ಯಾರಾದ್ರೂ ಮುಖ ತಿರುಗಿಸಿದ್ರೆ, ನಾಳೆ ಮಗಳಿಗೆ ಒಂದು ಜ್ವರ ಬಂದ್ರೂ ಅಮ್ಮನ ಕೈಯಿಂದ ಅಂತ ಹೇಳ್ತಾರೆ” ಅಂದ್ಲು. ಕೇಳಿದ್ರಲ್ಲ. ಅವಳಿಗೆ ದೇವರ ಹೆದರಿಕೆ ಇಲ್ಲ, ಇರುದು ನಮ್ಮ ಹೆದರಿಕೆ. ಇದು ಅವಳೊಬ್ಬಳು ಕುಮ್ಸಾರಿಗೆ ಹೋಗಿ ತೊಳೆಯುವ ವಿಷಯವಾ? ನಾವು ಇಪ್ಪತ್ತು ಮೂವತ್ತು ಹೆಂಗಸರು ಸೇರಿ ತೊಳೀಬೇಕಾದ್ದು. ಕಾಣಿಕೆಯನ್ನು ಪೀಠದ ಹತ್ತಿರ ಬಿಟ್ಟು ಮೊದಲು ಸೋದರನ ಹತ್ತಿರ ರಾಜಿ ಮಾಡಿ ಬಾ ಅಂತ ಯೇಸು ಹೇಳಿದ್ದು ಇಂಥದ್ದಕ್ಕೇ ಅಂತ ನನಗೆ ಕಾಣ್ತದೆ.

ಹಾಗಾಗಿ ಮನೆಯಲ್ಲಿ ತೀರ್ಮಾನ ಆಗಿದೆ. ಮದುಮಗಳೂ ಅದನ್ನೇ ಹೇಳಿದ್ಲು. ಮೊದಲ ರೋಸ್ ಅವಳ ಅಮ್ಮನ ಕೈಯಿಂದ. ಆ ದಿನ ಅಂಗಳದಲ್ಲಿ ಗುಸುಗುಸು ಬೇಡ ಅಂತ ಈಗಲೇ ಬರೆದದ್ದು. ಬೇಜಾರಿದ್ದವರು ಈಸ್ಟರ್‌ಗೆ ಮುಂಚೆ ನನಗೆ ಫೋನ್ ಮಾಡಿ, ಬೈಯಿರಿ, ಅವಳಿಗೆ ಮಾಡ್ಬೇಡಿ. ಮಾವ್ಶಿ, ಎರಡನೇ ಕೈ ನಿಮ್ಮದೇ, ವೊವಿಯೊ ಎತ್ತುದೂ ನೀವೇ. ನಿಮ್ಮ ಸ್ವರ ಇಲ್ಲದಿದ್ರೆ ನಮ್ಮ ಬಂಟ್ವಾಳದವರ ಹಾಡು ಕೇಳುವ ಹಾಗಿರುದಿಲ್ಲ. ನೆರೆಕರೆಯ ಅಕ್ಕಂದಿರು ನಾಲ್ಕು ಗಂಟೆಗೇ ಬನ್ನಿ, ಕಾಯಿ ತುಂಬಾ ಉಂಟು. ನಮ್ಮಲ್ಲಿ ಹೆರೆಮಣೆ ಎರಡೇ ಇರುದು, ಆದ್ರೆ ಇನ್ನೊಂದು ತನ್ನಿ. ಗಂಡ ಇರುವವರೂ ಬನ್ನಿ, ಇಲ್ಲದವರೂ ಬನ್ನಿ.