ಬಿರುಕಿನ ದನಿ

ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ಬಡಿದು ನೋಡುವುದು ನಮ್ಮಲ್ಲಿ ಹಳೆಯ ರೂಢಿ. ಗಟ್ಟಿ ಮಡಕೆ ಠಣ್ಣೆನ್ನುತ್ತದೆ. ಕೂದಲೆಳೆಯಷ್ಟು ಸೀಳಿದ್ದರೂ ದನಿ ಒಡೆಯುತ್ತದೆ. ಕಣ್ಣು ಕಾಣದ್ದನ್ನು ಕಿವಿ ಕಾಣುತ್ತದೆಂಬ ಈ ತಿಳಿವನ್ನೇ ತಂತ್ರಜ್ಞಾನವು ಕಾಂಕ್ರೀಟಿಗೂ ಅನ್ವಯಿಸಿದೆ.

ನಾನು ವಾಸವಾಗಿರುವ ಹೈದರಾಬಾದಿನ ಮಾದಾಪುರವು ಕಾಂಕ್ರೀಟಿನಲ್ಲೇ ಬೆಳೆದ ಬಡಾವಣೆ. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಗೊಂಡಿತು. 2020ರಲ್ಲಿ ದುರ್ಗಂ ಚೆರುವಿನ ಮೇಲೆ ಕೇಬಲ್ ಸೇತುವೆ ತೆರೆಯಿತು. ಈ ನಡುವೆ ಬಂಡೆಗಳ ಊರು ಬಹುಮಹಡಿಗಳ ಊರಾಯಿತು. ಕೆಲವು ವರ್ಷಗಳ ಹಿಂದೆ ನಮ್ಮ ವಸತಿ ಸಮುಚ್ಚಯದ ನೆಲಮಾಳಿಗೆಯ ಕಂಬವೊಂದರಲ್ಲಿ ಗೆರೆ ಕಾಣಿಸಿಕೊಂಡಾಗ ನಿವಾಸಿಗಳಲ್ಲಿ ಎರಡು ಪಕ್ಷಗಳಾದವು. ಪರೀಕ್ಷೆಯೆಂಬ ಮಾತೇ ಮನೆಗಳ ಬೆಲೆ ಇಳಿಸೀತು, ಸಿಮೆಂಟು ಮೆತ್ತಿ ಬಣ್ಣ ಬಳಿದರಾಯಿತು ಎಂದರು ಕೆಲವರು. 'ಮೇಲೆ ಥಳಕು, ಒಳಗೆ ಹುಳುಕು' ಎಂಬ ಗಾದೆಯನ್ನು ನೆನೆದು ನಾನು ಪರೀಕ್ಷೆಯ ಪಕ್ಷ ಸೇರಿದೆ.

ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ, ನಮಗೆ ಕೇಳಿಸದ ಶಬ್ದವೇ ಇಲ್ಲಿನ ಸಾಧನ. ಒಳ್ಳೆಯ ಕಾಂಕ್ರೀಟಿನಲ್ಲಿ ಅದು ಸೆಕೆಂಡಿಗೆ ಸುಮಾರು 4 ಕಿಲೋಮೀಟರು ಸಾಗುತ್ತದೆ. ವೇಗ 3ಕ್ಕಿಂತ ಕೆಳಗಿಳಿದರೆ ಗುಣ ಶಂಕಾಸ್ಪದ. ಬಿರುಕಿನೊಳಗಿನ ಗಾಳಿಯನ್ನು ದಾಟಲಾರದೆ ಶಬ್ದವು ಬಳಸಿ ಬರುತ್ತದೆ; ಆ ವಿಳಂಬವೇ ಸಾಕ್ಷಿ. ಸಾಮಾನ್ಯ ವಿಧಾನದಲ್ಲಿ ಕಂಬಕ್ಕೆ ಗ್ರೀಸು ಸವರಿ ಉಪಕರಣವನ್ನು ಒತ್ತಿ ಹಿಡಿಯಬೇಕು. ಈಗ ಮುಟ್ಟದೆಯೇ ಪರೀಕ್ಷಿಸುವ ವಿಧಾನವೂ ಇದೆ. ಅದರ ತೊಡಕೂ ಗಾಳಿಯೇ: ಗಾಳಿಯಿಂದ ಬಂದ ಶಬ್ದದ ಬಹುಪಾಲು ಕಾಂಕ್ರೀಟಿಗೆ ತಾಗಿ ಹಿಂದಿರುಗುತ್ತದೆ. ಆದ್ದರಿಂದ ಶಬ್ದವನ್ನು ಓರೆಯಾಗಿ ಹಾಯಿಸಿ, ಮೇಲ್ಮೈಗುಂಟ ಹರಿಯುವ ಅಲೆಯೊಂದನ್ನು ಎಬ್ಬಿಸುತ್ತಾರೆ. ಇಂಥ ಅಲೆಯನ್ನು ಲಾರ್ಡ್ ರ‍್ಯಾಲಿ 1885ರಲ್ಲಿಯೇ ಗಣಿತದಿಂದ ಕಂಡಿದ್ದನು. ಹರಿಯುತ್ತ ಗಾಳಿಗೆ ಸೋರುವ ಅದರ ಕ್ಷೀಣ ದನಿಯನ್ನು ದೂರದ ಗ್ರಾಹಕವು ಹಿಡಿಯುತ್ತದೆ. ನಡುವೆ ಬಿರುಕಿದ್ದರೆ ಅಲೆ ಕುಗ್ಗುತ್ತದೆ. ಒರಟು ಗೋಡೆಗಳನ್ನೂ ವಿಶಾಲ ಹಾಸುಗಳನ್ನೂ ಬೇಗ ಶೋಧಿಸಲು ಇದು ಅನುಕೂಲ.

ನಮ್ಮಲ್ಲಿ ನಡೆದುದು ಗ್ರೀಸು ಸವರುವ ಪರೀಕ್ಷೆಯೇ. ಫಲಿತಾಂಶ ಎರಡೂ ಪಕ್ಷಗಳನ್ನು ಮೌನವಾಗಿಸಿತು. ಗೆರೆ ಮೂಡಿದ್ದ ಕಂಬದ ದೋಷ ಗಾರೆಯಷ್ಟಕ್ಕೇ ಸೀಮಿತವಾಗಿತ್ತು. ಗೆರೆಯೇ ಇಲ್ಲದ ಪಕ್ಕದ ಕಂಬದೊಳಗೆ ಕಾಂಕ್ರೀಟು ಸರಿಯಾಗಿ ಕೂಡಿರಲಿಲ್ಲ. ಅದಕ್ಕೆ ಹೊಸ ಕವಚ ಕಟ್ಟಿ ಬಲಪಡಿಸಲಾಯಿತು.

ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಈ ಕ್ರಮ ಅಪರಿಚಿತವೇನಲ್ಲ. ಓಲೆಯ ಪ್ರತಿಯಲ್ಲಿ ಬರಹ ಅಖಂಡವಾಗಿಯೇ ಕಾಣುತ್ತದೆ. ಓದುವಾಗ ಛಂದಸ್ಸು ಮುಗ್ಗರಿಸಿದಲ್ಲಿ ಅಕ್ಷರಲೋಪ ತಿಳಿಯುತ್ತದೆ. ಆ ಲೋಪವನ್ನು ತನ್ನ ಮಾತಿನಿಂದ ಗುಟ್ಟಾಗಿ ಮೆತ್ತದೆ, ಗುರುತು ಹಾಕಿ ತೋರಿಸುವುದು ಸಂಪಾದಕನ ಧರ್ಮ. ಅಲ್ಲಿ ಕಾವ್ಯ ಉಳಿಯುತ್ತದೆ. ಇಲ್ಲಿ ಕಂಬದ ಮೇಲಿನ ಮನೆಗಳು.